ಅಂಗಳಕ್ಕೆ ಊರ ಮರ: ನಂಬಿದ್ದೆಷ್ಟು, ನಿಜವೆಷ್ಟು?

ಯುರೋಪು, ಅಮೆರಿಕದ ತೋಟದ ಪುಸ್ತಕಗಳಲ್ಲಿ ಊರ ಮರವೆಂದರೆ ಮೊದಲು ಬರುವ ಹೆಸರು ಓಕ್. ಪಶ್ಚಿಮ ಘಟ್ಟದಲ್ಲಿ ಅದು ಸಹಜವಾಗಿ ಬೆಳೆಯುವುದೇ ಇಲ್ಲ. ಕಾಸರಗೋಡಿನ ಮುರಕಲ್ಲಿನ ನೆಲಕ್ಕೆ, ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆಗೆ ಒಗ್ಗಿದ ಮರಗಳೇ ಬೇರೆ. ಅವುಗಳ ಬಗ್ಗೆ ನಮ್ಮ ತಪ್ಪು ತಿಳಿವಳಿಕೆಯೂ ಕಡಿಮೆಯಿಲ್ಲ.

‘ಅಜ್ಜನ ಕಾಲದಿಂದ ಇದ್ದದ್ದೆಲ್ಲ ಊರಿನದೇ.’
ಗೇರು ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು. ಗುಲ್‌ಮೊಹರ್ ಮಡಗಾಸ್ಕರಿನದು, ಅಕೇಶಿಯ ಆಸ್ಟ್ರೇಲಿಯಾ ಕಡೆಯದು. ಹಾಗೆಂದು ಗೇರುಮರ ಕಡಿಯಬೇಕಿಲ್ಲ; ಹೊಸದಾಗಿ ನೆಡುವಾಗ ರೆಂಜೆ, ಸುರಗಿ, ಹೊನ್ನೆಯ ನೆನಪಾದರೆ ಸಾಕು.

‘ಗೇಟಿನ ಬದಿಯ ಕಂಬದಂಥ ಮರವೇ ಅಶೋಕ.’
ಅಲ್ಲ. ಅದು ಸೀತಾಫಲದ ಕುಟುಂಬದ ಮರ. ನಿಜವಾದ ಅಶೋಕ ಹುಣಸೆ, ಹೊಂಗೆಗಳ ಕುಟುಂಬದ್ದು. ಕೊಂಬೆಗೇ ಅಂಟಿಕೊಂಡಂತೆ ಕಿತ್ತಳೆ-ಕೆಂಪು ಗೊಂಚಲು ಬಿಡುತ್ತದೆ. ತೊಗಟೆಯ ಔಷಧಿಗಾಗಿ ಕಡಿದು ಕಡಿದು ಕಾಡಿನಲ್ಲಿ ಅಪರೂಪವಾಗಿದೆ. ಒಣ ಪಾರೆಯ ಮೇಲೆ ಸೊರಗೀತು. ಅಡಿಕೆ ತೋಟದ ಅಂಚಿನ ತಂಪು, ಅರೆನೆರಳು ಅದಕ್ಕೆ ಹಿತ.

‘ಪುನರ್ಪುಳಿಯ ಒಂದು ಬೀಜ ಎಸೆದರೆ ಸಾಕು.’
ಮೊಳೆಯುತ್ತದೆ, ನಿಜ. ಆದರೆ ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬೀಜದ ಗಿಡ ಯಾವುದೆಂದು ಗೊತ್ತಾಗುವುದು ಅದು ಹೂಬಿಟ್ಟಾಗಲೇ, ಅಂದರೆ ಆರೇಳು ವರ್ಷ ಗೊಬ್ಬರ ಹಾಕಿದ ಮೇಲೆ. ಗಂಡಾಗಿದ್ದರೆ ಶರಬತ್ತಿನ ಆಸೆ ಬಿಡಬೇಕಷ್ಟೆ. ಜಾಗ ಕಡಿಮೆಯಿರುವ ಮನೆಯವರು ಹೆಣ್ಣು ಮರದಿಂದ ಮಾಡಿದ ಕಸಿ ಗಿಡ ಕೇಳಿ ತರುವುದು ಜಾಣತನ; ಹತ್ತಿರದಲ್ಲೆಲ್ಲಾದರೂ ಗಂಡು ಮರವೂ ಇರಲಿ.

‘ಚಿಟ್ಟೆಗೆ ಹೂವಿದ್ದರಾಯಿತು.’
ಹೂವು ಬಂದ ಚಿಟ್ಟೆಗೆ ಊಟ. ಮೊಟ್ಟೆಯಿಡಲು ಅದಕ್ಕೆ ತನ್ನದೇ ಗಿಡದ ಎಲೆ ಬೇಕು. ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಹುಡುಕುವುದು ಈಶ್ವರಿ ಬಳ್ಳಿಯ ಜಾತಿಯನ್ನು. ಕರಿಬೇವಿನ ಎಲೆ ತಿನ್ನುವ ಹಸಿರು ಹುಳವೂ ನಾಳೆಯ ಚಿಟ್ಟೆಯೇ. ಅದಕ್ಕೆ ವಿಷ ಹೊಡೆದು ‘ಚಿಟ್ಟೆ ಬರುತ್ತಿಲ್ಲ’ ಎನ್ನುವವರಿಗೆ ಏನು ಹೇಳೋಣ!

‘ಊರ ಗಿಡ ಅಂದಮೇಲೆ ಅಪಾಯವಿಲ್ಲ.’
2023ರಲ್ಲಿ ಜಿಲ್ಲೆಯ ಮರವೆಂದು ಘೋಷಣೆಯಾದದ್ದು ಕಾಸರಕ, ಮಲಯಾಳದ ಕಾಂಜಿರಂ. ಕಿತ್ತಳೆಯಂಥ ಅದರ ಹಣ್ಣಿನೊಳಗಿನ ಬೀಜದಲ್ಲಿ ಸ್ಟ್ರಿಕ್‌ನಿನ್ ಎಂಬ ಘೋರ ವಿಷವಿದೆ. ಗುಡ್ಡೆಯಲ್ಲಿರುವುದನ್ನು ಉಳಿಸಿಕೊಳ್ಳಿ, ಮಕ್ಕಳಾಡುವ ಅಂಗಳದಲ್ಲಿ ಬೇಡ. ಜಿಲ್ಲೆಯ ಹೂವೆಂದು ಆರಿಸಲಾದ ಪೆರಿಯ ಪೊಲತ್ತಾಳಿಯನ್ನಂತೂ ಮುಟ್ಟಲೇಬೇಡಿ. ಪೆರಿಯದ ತೋಡಿನ ನೀರಲ್ಲಿ ಬೆಳೆಯುವ ಅದನ್ನು ವಿಜ್ಞಾನ ಗುರುತಿಸಿದ್ದೇ 2012ರಲ್ಲಿ. ಹೂಚಟ್ಟಿಗೆ ಕಿತ್ತು ತಂದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಅಂಗಳಕ್ಕೆ ಹೂವೇ ಬೇಕೆಂದರೆ ಕೇಪುಳದ ಬಲಿತ ಗೆಲ್ಲು ತಂದು ಮಳೆ ಹಿಡಿದ ಮೇಲೆ ಊರಿ. ಅದರ ಹಣ್ಣು ಮಕ್ಕಳಿಗೂ ಆಯಿತು, ಪಿಕಳಾರಕ್ಕೂ ಆಯಿತು.