ಗಡಿ ದಾಟುವ ಮಾಹಿತಿ, ಗಡಿ ದಾಟುವ ವಿದ್ಯಾರ್ಥಿ

ಇಂಜಿನಿಯರಿಂಗ್ ಪದವಿ ಮುಗಿಸಿದ ನಮ್ಮ ಯುವಕ ಯುವತಿಯರಲ್ಲಿ ಅನೇಕರು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯತ್ತ ಮುಖಮಾಡಿದ್ದಾರೆ. 2023-24ರ ಚಳಿಗಾಲದ ಅವಧಿಯಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 49 ಸಾವಿರವನ್ನು ದಾಟಿತ್ತು. ಅಲ್ಲಿ ದೊರೆಯುವ ಸ್ನಾತಕೋತ್ತರ ವಿಷಯಗಳಲ್ಲಿ 'ಅಂತಾರಾಷ್ಟ್ರೀಯ ಮಾಹಿತಿ ವ್ಯವಸ್ಥೆಗಳು' ಎಂಬುದೂ ಒಂದು. ಹೆಸರು ಕೇಳಿದೊಡನೆ "ಇದೂ ಕಂಪ್ಯೂಟರ್ ಕೋರ್ಸೇ ತಾನೇ?" ಎಂದು ಹೆತ್ತವರು ಕೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಉಳಿದರ್ಧವನ್ನೂ ಅರಿತುಕೊಳ್ಳುವುದು ಒಳಿತೆಂದು ನಾವು ಭಾವಿಸುತ್ತೇವೆ.

ಎರಡು ನಗರ, ಎರಡು ವಿದ್ಯೆ

ಈ ಪದವಿಯನ್ನು ನೀಡುವ ಸಂಸ್ಥೆಗಳಲ್ಲೊಂದು ಬವೇರಿಯಾ ಪ್ರಾಂತ್ಯದ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾನಿಲಯ. 1743ರಲ್ಲಿ ಸ್ಥಾಪನೆಯಾದ ಎರ್ಲಾಂಗೆನ್ ವಿಶ್ವವಿದ್ಯಾನಿಲಯದೊಡನೆ ನೆರೆಯ ನ್ಯೂರೆಂಬರ್ಗಿನ ವಾಣಿಜ್ಯ ಶಿಕ್ಷಣ ಸಂಸ್ಥೆ 1961ರಲ್ಲಿ ಒಂದಾಯಿತು. ಇಂದಿಗೂ ತಾಂತ್ರಿಕ ವಿಭಾಗ ಎರ್ಲಾಂಗೆನ್‌ನಲ್ಲಿದೆ, ವಾಣಿಜ್ಯ ವಿಭಾಗ ನ್ಯೂರೆಂಬರ್ಗಿನಲ್ಲಿದೆ. ಈ ವಿಷಯದ ಸ್ವರೂಪವೂ ಹಾಗೆಯೇ: ಒಂದು ಕಾಲು ಗಣಕ ವಿಜ್ಞಾನದಲ್ಲಿ, ಇನ್ನೊಂದು ವ್ಯವಹಾರ ನಿರ್ವಹಣೆಯಲ್ಲಿ. ಒಟ್ಟು ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ ಸುಮಾರು 30 ಗಂಟೆಗಳ ಪರಿಶ್ರಮ. ಬೋಧನೆ ಇಂಗ್ಲಿಷಿನಲ್ಲಿ, ಕೊನೆಗೆ ಒಂದು ಪ್ರೌಢಪ್ರಬಂಧ.

ಒಬ್ಬನೇ ಮೂವರಾದಾಗ

ಇದರ ತಿರುಳನ್ನು ತಿಳಿಯಲು ದೂರ ಹೋಗಬೇಕಿಲ್ಲ. ಕರಾವಳಿಯ ಮನೆಮನೆಯಲ್ಲೂ ಕೇಳಿಬರುವ ಡಿಸೋಜ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಇದನ್ನು ಬರೆಯುವಾಗ 'ಡಿ' ಅಕ್ಷರದ ನಂತರ ಅಪಾಸ್ಟ್ರಫಿ ಎಂಬ ಪುಟ್ಟ ಚಿಹ್ನೆ ಬರುತ್ತದೆ. ಮಾಹಿತಿಕೋಶಗಳಲ್ಲಿ ಬಳಸುವ ಎಸ್‌ಕ್ಯೂಎಲ್ ಭಾಷೆಗೆ ಅದೇ ಚಿಹ್ನೆಯು 'ಪದ ಇಲ್ಲಿಗೆ ಮುಗಿಯಿತು' ಎಂಬ ಸೂಚನೆ. ಪ್ರೋಗ್ರಾಂ ಬರೆದವನು ಎಚ್ಚರ ತಪ್ಪಿದ್ದರೆ ಯಂತ್ರವು ಹೆಸರನ್ನೇ ತಿರಸ್ಕರಿಸುತ್ತದೆ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಕೆಳಸಾಲುಗಳಲ್ಲಿ, ಅಂತಾರಾಷ್ಟ್ರೀಯ ನಿಯಮದಂತೆ, ಈ ಚಿಹ್ನೆಗೆ ಸ್ಥಳವೇ ಇಲ್ಲ. ಹೀಗೆ ಅಂಕಪಟ್ಟಿಯಲ್ಲಿ ಚಿಹ್ನೆಯೊಡನೆ, ಪಾಸ್‌ಪೋರ್ಟಿನಲ್ಲಿ ಚಿಹ್ನೆಯಿಲ್ಲದೆ, ಬ್ಯಾಂಕಿನಲ್ಲಿ ನಡುವೆ ಜಾಗ ಬಿಟ್ಟು ಬರೆದರೆ ಒಬ್ಬನೇ ವಿದ್ಯಾರ್ಥಿ ಮೂವರಾಗುತ್ತಾನೆ. ಊರು ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡ ಕನ್ನಡಿಗನಿಗೆ 'ಕುಟುಂಬನಾಮ ಕಡ್ಡಾಯ' ಎನ್ನುವ ವಿದೇಶಿ ಅರ್ಜಿಯೂ ಇಂಥದೇ ತೊಡಕು.

ಅಂಕಿಗಳ ಕಥೆಯೂ ಬೇರೆಯಲ್ಲ. ಜರ್ಮನಿಯಲ್ಲಿ ಸಾವಿರವನ್ನು ಸೂಚಿಸಲು 1.000 ಎಂದು ಚುಕ್ಕೆ ಇಡುತ್ತಾರೆ. ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ. ನಮ್ಮಲ್ಲಿ ಇದು ತಿರುವುಮುರುವು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಂಗಳ ನೌಕೆ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನಾಶವಾದದ್ದು ಇಂತಹ ಗೊಂದಲದಿಂದಲೇ. ಒಂದು ತಂಡವು ಬಲವನ್ನು ಪೌಂಡ್ ಮಾನದಲ್ಲಿ ಲೆಕ್ಕಹಾಕಿತ್ತು, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿಕೊಂಡಿತ್ತು. ಯಂತ್ರ ಕೆಟ್ಟಿರಲಿಲ್ಲ, ಕೆಟ್ಟದ್ದು ಹೊಂದಾಣಿಕೆ.

ಇದಕ್ಕೆ ಕಾನೂನೂ ಸೇರಿಕೊಳ್ಳುತ್ತದೆ. ಯುರೋಪಿನ ಉದ್ಯೋಗಿಯ ವೈಯಕ್ತಿಕ ವಿವರಗಳನ್ನು ಬೆಂಗಳೂರಿನ ಕಚೇರಿಗೆ ಕಳುಹಿಸಬೇಕಾದರೆ 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣಾ ನಿಯಮಗಳನ್ನು ಪಾಲಿಸಲೇಬೇಕು. ಭಾರತವೂ 2023ರಲ್ಲಿ ತನ್ನದೇ ಕಾಯ್ದೆಯನ್ನು ಅಂಗೀಕರಿಸಿದೆ. ಒಂದು ದೇಶದ ಮಾಹಿತಿ ಇನ್ನೊಂದು ದೇಶವನ್ನು ತಲುಪುವಾಗ ಅದರ ಅರ್ಥ ಕೆಡದಂತೆ, ಮನುಷ್ಯನ ಹಕ್ಕಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ಸಾರ.

ಶುಲ್ಕವಿಲ್ಲ, ಖರ್ಚುಂಟು

ನಮಗೆ ಪರಿಚಿತವಾದ ಒಂದು ಕುಟುಂಬವು "ಜರ್ಮನಿಯಲ್ಲಿ ಓದು ಉಚಿತ" ಎಂಬ ಮಧ್ಯವರ್ತಿಯ ಮಾತನ್ನು ನಂಬಿತ್ತು. ಠೇವಣಿಯ ವಿಷಯ ತಿಳಿದದ್ದು ಪ್ರವೇಶಪತ್ರ ಕೈಸೇರಿದ ಮೇಲೆ. ಅಡಕೆ ತೋಟದ ಪತ್ರಗಳನ್ನು ಆತುರಾತುರವಾಗಿ ಬ್ಯಾಂಕಿಗೆ ಒಯ್ಯಬೇಕಾಯಿತು. ಮಗ ಇಂದು ಅಲ್ಲಿ ಓದುತ್ತಿದ್ದಾನೆ. ಇಲ್ಲಿ ತಂದೆಗೆ ಇನ್ನೂ ನೆಮ್ಮದಿಯ ನಿದ್ದೆಯಿಲ್ಲ.

ಬವೇರಿಯಾ ಸರಕಾರವು ಸಾಮಾನ್ಯ ಬೋಧನಾ ಶುಲ್ಕವನ್ನು 2013ರಲ್ಲಿ ರದ್ದುಗೊಳಿಸಿದ್ದು ನಿಜ. ಆದರೆ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯಲು ನಂತರದ ಕಾನೂನು ಅವಕಾಶ ನೀಡಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯ 2024ರಿಂದ ಅದನ್ನು ವಿಧಿಸುತ್ತಿದೆ. ಶುಲ್ಕವಿಲ್ಲದ ಕಡೆಯೂ ಜೀವನ ನಿರ್ವಹಣೆಗೆ ಹಣವಿದೆಯೆಂದು ವೀಸಾಕ್ಕೆ ಮುನ್ನ ತೋರಿಸಬೇಕು. 2024ರ ಸೆಪ್ಟೆಂಬರಿನ ನಿಯಮದಂತೆ ಒಂದು ವರ್ಷಕ್ಕೆ 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿಗೂ ಮಿಗಿಲು. ಅದು ವಿದ್ಯಾರ್ಥಿಯದೇ ಹಣ. ತಿಂಗಳಿಗೆ 992 ಯೂರೋನಂತೆ ಅವನ ಕೈಗೆ ಮರಳುತ್ತದೆ. 2022ರ ನವೆಂಬರಿನಿಂದ ಭಾರತೀಯರಿಗೆ ಎ.ಪಿ.ಎಸ್. ಎಂಬ ಅಂಕಪಟ್ಟಿ ಪರಿಶೀಲನಾ ಪ್ರಮಾಣಪತ್ರವೂ ಅಗತ್ಯವಾಗಿದೆ. ಅದಕ್ಕೆ ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿಯಾಗಿದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಓದಿನ ನಡುವೆ ದುಡಿಯಲು ಅವಕಾಶವಿದೆ: 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಪದವಿಯ ನಂತರ ಉದ್ಯೋಗ ಅರಸಲು 18 ತಿಂಗಳ ಕಾಲಾವಕಾಶವೂ ಉಂಟು. ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಊರು ನಡೆಯುವುದು ಜರ್ಮನ್ ಭಾಷೆಯಲ್ಲಿ. ನ್ಯೂರೆಂಬರ್ಗಿನ ಪ್ರಸಿದ್ಧ ತಂತ್ರಾಂಶ ಸಂಸ್ಥೆ ದಾಟೆವ್ ಹುಟ್ಟಿದ್ದು 1966ರಲ್ಲಿ, ತೆರಿಗೆ ಸಲಹೆಗಾರರ ಸಹಕಾರಿ ಸಂಘವಾಗಿ. ಆ ನಾಡಿನ ತೆರಿಗೆಯ ಮಾತನ್ನು ಅರಿಯದವನಿಗೆ ಅಲ್ಲಿ ಏನು ಕೆಲಸ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಂತಹ ಕಡೆ ಮೊದಲೇ ಭಾಷೆ ಕಲಿತು ಹೊರಡುವುದು ಸಾಲ ತೀರಿಸುವ ಹಾದಿಯಲ್ಲಿ ಮೊದಲ ಹೆಜ್ಜೆ.

ಖಂಡಾಂತರ ಮಾಹಿತಿಯನ್ನು ಹೊಂದಿಸಲು ಹೊರಟ ಮಗ ಅಥವಾ ಮಗಳು ಮೊದಲು ಮನೆಯ ಮೇಜಿನ ಮುಂದೆ ತಂದೆ ತಾಯಿಯರೊಡನೆ ಕುಳಿತು, ಖರ್ಚು ವೆಚ್ಚವನ್ನು ಒಂದು ಹಾಳೆಯಲ್ಲಿ ಬರೆಯಲಿ. ಹೆತ್ತವರೂ ಸಂಕೋಚ ಬಿಟ್ಟು ತಮ್ಮ ಶಕ್ತಿ ಎಷ್ಟೆಂದು ತಿಳಿಸಲಿ. ಅಲ್ಲಿ ಎರಡೂ ಕಡೆಯವರು ಒಂದೇ ಲೆಕ್ಕವನ್ನು ಓದಿದರೆ, ಮುಂದಿನ ದಾರಿ ದೂರವಾದರೂ ಕಠಿಣವಾಗದು.