ಪರದೇಶ ವ್ಯಾಸಂಗವೂ ಸಮಾಜಶಾಸ್ತ್ರವೂ

ಪರದೇಶಕ್ಕೆ ಹೋಗುವ ನಮ್ಮ ತರುಣರು ಯಂತ್ರಶಾಸ್ತ್ರವನ್ನೋ ವೈದ್ಯವನ್ನೋ ಕಲಿತು ಬಂದರೆ ಸಾಕು, ಇತಿಹಾಸ ಸಮಾಜಶಾಸ್ತ್ರಗಳಿಗಾಗಿ ಕಡಲು ದಾಟಬೇಕೇಕೆ ಎಂದು ಕೇಳುವವರುಂಟು. ಪರಿಶಿಷ್ಟ ಜಾತಿಯವರೇ ಮೊದಲಾದವರಿಗಾಗಿ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ನೆಯ ಇಸವಿಯ ನಿಯಮಗಳಲ್ಲಿ ಕೇಂದ್ರ ಸರ್ಕಾರವು ಭಾರತದ ಸಂಸ್ಕೃತಿ, ಇತಿಹಾಸ, ಸಮಾಜಗಳನ್ನು ಕುರಿತ ಸಂಶೋಧನೆಗೆ ಈ ನೆರವು ಸಲ್ಲದೆಂದು ವಿಧಿಸಿತು. ಸ್ವದೇಶದ ವಿಷಯವನ್ನು ಸ್ವದೇಶದಲ್ಲಿಯೇ ಕಲಿಯಬಹುದೆಂಬುದು ಇದರ ಸಮರ್ಥನೆ.

ಮೇಲ್ನೋಟಕ್ಕೆ ಇದು ಸರಿಯೆಂದು ತೋರಬಹುದು. ಆದರೆ ಅನುಭವವು ಬೇರೆ ಸಾಕ್ಷ್ಯವನ್ನು ನುಡಿಯುತ್ತದೆ. ಬರೋಡೆಯ ಮಹಾರಾಜರ ನೆರವಿನಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದ ಡಾಕ್ಟರ್ ಅಂಬೇಡ್ಕರರು ಅರ್ಥಶಾಸ್ತ್ರದೊಡನೆ ಸಮಾಜಶಾಸ್ತ್ರ, ಇತಿಹಾಸ, ಮಾನವಶಾಸ್ತ್ರಗಳನ್ನೂ ಅಭ್ಯಸಿಸಿದರು. ಭಾರತದ ಜಾತಿಪದ್ಧತಿಯನ್ನು ಕುರಿತ ಪ್ರಸಿದ್ಧ ಪ್ರಬಂಧವನ್ನು 1916ರಲ್ಲಿ ಅಲ್ಲಿಯೇ ಓದಿದರು. ಮೈಸೂರಿನ ಎಂ. ಎನ್. ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ, ಕೊಡಗಿನಲ್ಲಿ ತಾವು ಸಂಗ್ರಹಿಸಿದ್ದ ವಿಷಯವನ್ನು ಅಲ್ಲಿಯ ವಿದ್ವಾಂಸರ ಬಳಿ ಹೊಸದಾಗಿ ಪರಿಶೀಲಿಸಿದರು; 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ ಅದರ ಜೀವನವನ್ನು ಅಧ್ಯಯನ ಮಾಡಿದರು. ತನ್ನ ಬೆನ್ನು ತನಗೆ ಕಾಣದು; ತುಸು ದೂರದಿಂದ ನೋಡಿದಾಗಲೇ ನಮ್ಮ ಸಮಾಜದ ರೂಪವು ನಮಗೆ ತಿಳಿಯುವುದುಂಟು.

ಧನಿಕರ ಮಕ್ಕಳಿಗೆ ಇಂತಹ ನಿರ್ಬಂಧವಿಲ್ಲ. ಅದು ತಟ್ಟುವುದು ಸರ್ಕಾರದ ನೆರವಲ್ಲದೆ ಅನ್ಯ ಗತಿಯಿಲ್ಲದವರಿಗೆ. ಯಾವ ಸಮಾಜದ ಕಟ್ಟಳೆಗಳ ಭಾರವನ್ನು ಅವರು ಹೊತ್ತರೋ, ಆ ಸಮಾಜವನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸುವ ಅವಕಾಶವನ್ನು ಅವರಿಗೆ ತಪ್ಪಿಸುವುದು ನ್ಯಾಯವೂ ಅಲ್ಲ, ದೇಶಹಿತವೂ ಅಲ್ಲವೆಂದು ನಾವು ಭಾವಿಸುತ್ತೇವೆ.