ಬೆಳೆಯದ ಊರಿನ ಅನ್ನದ ಲೆಕ್ಕ

2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಎಂಟು ದಿನಕ್ಕೆ ಯುಎಇ ತನ್ನ ಬಂದರುಗಳಿಂದ ಅಕ್ಕಿ ಆಚೆ ಹೋಗದಂತೆ ನಾಲ್ಕು ತಿಂಗಳ ನಿರ್ಬಂಧ ಹೇರಿತು. ದುಬೈಯ ಹಳೆಯ ಬಡಾವಣೆ ಬರ್ ದುಬೈಯಲ್ಲಿ ಸೋನಾ ಮಸೂರಿ ಉಣ್ಣುವವರಿಗೆ ಇದು ಪೇಪರಿನ ಸುದ್ದಿಯಲ್ಲ, ಅಡುಗೆಮನೆಯ ಸುದ್ದಿ. ಕರಾವಳಿಯವರ ಕುಚ್ಚಲಕ್ಕಿ ನಿಷೇಧದಿಂದ ಪಾರಾದರೂ ಆಗಸ್ಟ್ ಕೊನೆಗೆ ಅದರ ಮೇಲೂ ಶೇ 20 ಸುಂಕ ಬಿತ್ತು. ಸೆಪ್ಟೆಂಬರ್‌ನಲ್ಲಿ ಯುಎಇಗೆಂದೇ 75,000 ಟನ್ ಬಿಳಿ ಅಕ್ಕಿ ಕಳಿಸಲು ದೆಹಲಿ ಒಪ್ಪಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ತಾನು ಉಣ್ಣುವುದರಲ್ಲಿ ಶೇ 80ಕ್ಕೂ ಹೆಚ್ಚನ್ನು ಹೊರಗಿಂದ ತರಿಸುವ ದೇಶ ಯುಎಇ. ಅಕ್ಕಿ ಬರದಿದ್ದರೆ ಎಂಬ ಭಯ ಅಲ್ಲಿ ಹೊಸದಲ್ಲ. 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಕುಸಿದು, ಬೆನ್ನಿಗೇ ಎರಡನೇ ಮಹಾಯುದ್ಧ ಬಂದು ಹಡಗುಗಳು ತಪ್ಪಿದಾಗ ದುಬೈ ಕ್ರೀಕ್‌ನ ಎರಡೂ ದಡದವರು ಹಸಿದಿದ್ದರು. ಅಕ್ಕಿ, ಸಕ್ಕರೆ, ಚಹಾ ಬ್ರಿಟಿಷರ ರೇಷನ್ನಿನಲ್ಲಿ ಬರಬೇಕಿತ್ತು. ಈಗ 2051ರವರೆಗಿನ ರಾಷ್ಟ್ರೀಯ ಆಹಾರ ಭದ್ರತಾ ಕಾರ್ಯತಂತ್ರವಿದೆ, ಮಣ್ಣಿಲ್ಲದೆ ಸೊಪ್ಪು ಬೆಳೆಯುವ ‘ಬುಸ್ತಾನಿಕಾ’ದಂಥ ಬಹುಮಹಡಿ ತೋಟವಿದೆ. ಆದರೆ ಸೊಪ್ಪಿನಿಂದ ಹೊಟ್ಟೆ ತುಂಬೀತೇ? ಬಂದರಿಗೆ ಬಂದ ಆಹಾರ ಕೊನೆಯ ತಟ್ಟೆಯವರೆಗೂ ತಲುಪುತ್ತದೆಯೇ ಎನ್ನುವುದು ಬೇರೆಯದೇ ಪ್ರಶ್ನೆ. ಅದನ್ನು ಕೈಗೆತ್ತಿಕೊಂಡ ಸಂಸ್ಥೆಯೇ ಯುಎಇ ಫುಡ್ ಬ್ಯಾಂಕ್.

2017ರ ಜನವರಿಯಲ್ಲಿ, ದೇಶ ಆ ವರ್ಷವನ್ನು ‘ದಾನ ವರ್ಷ’ವೆಂದು ಘೋಷಿಸಿದ ಹೊತ್ತಿನಲ್ಲಿ, ದುಬೈ ದೊರೆ ಶೇಖ್ ಮೊಹಮ್ಮದ್ ಬಿನ್ ರಾಶಿದ್ ಇದನ್ನು ಆರಂಭಿಸಿದರು. ಅವರ ಪತ್ನಿ ಶೇಖಾ ಹಿಂದ್ ಇದರ ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷೆ. ಉಸ್ತುವಾರಿಯಲ್ಲಿ ದುಬೈ ಮುನಿಸಿಪಾಲಿಟಿಯ ಕೈಯಿದೆ. ಕೆಲಸ ಹೇಳುವುದಕ್ಕೆ ಸುಲಭ: ಹೋಟೆಲು, ಸೂಪರ್ ಮಾರ್ಕೆಟ್ಟು, ಆಹಾರ ಕಾರ್ಖಾನೆಗಳಲ್ಲಿ ಮಿಕ್ಕಿದ್ದನ್ನು ಪಡೆದು, ಪರೀಕ್ಷಿಸಿ, ದತ್ತಿ ಸಂಸ್ಥೆಗಳ ಮೂಲಕ ಬೇಕಾದವರಿಗೆ ಮುಟ್ಟಿಸುವುದು. ಮಾಡುವುದು ಮಾತ್ರ ಕಷ್ಟ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗಿಳಿಯಬಾರದು, ತಣ್ಣಗಿಡಬೇಕಾದ್ದು 5 ಡಿಗ್ರಿ ಮೀರಬಾರದು ಎನ್ನುತ್ತದೆ ದುಬೈಯ ಆಹಾರ ಸಂಹಿತೆ. ಹೊರಗೆ 45 ಡಿಗ್ರಿ ಬಿಸಿಲಿರುವ ಆಗಸ್ಟ್‌ನಲ್ಲಿ ಬಫೆಯಲ್ಲಿ ಉಳಿದ ಬಿರಿಯಾನಿಯನ್ನು ಲೇಬರ್ ಕ್ಯಾಂಪಿಗೆ ಸಾಗಿಸುವುದೆಂದರೆ ಔಷಧ ಸಾಗಿಸಿದಷ್ಟೇ ಜೋಪಾನದ ಕೆಲಸ. ಮದುವೆ ಊಟ ಮಿಕ್ಕರೆ ಪಾತ್ರೆ ಹೊತ್ತು ಅನಾಥಾಶ್ರಮಕ್ಕೆ ಫೋನು ಮಾಡುವ ನಮ್ಮೂರಿನ ರೂಢಿ ಇಲ್ಲಿ ನಡೆಯುವುದಿಲ್ಲ.

ಅದಕ್ಕೆ ಕಾರಣ ಬರೀ ಬಿಸಿಲಲ್ಲ, ಕಾನೂನು ಕೂಡ. ದುಬೈಯಲ್ಲಿ ಅನುಮತಿಯಿಲ್ಲದೆ ದೇಣಿಗೆ ಎತ್ತುವಂತಿಲ್ಲ. 2015ರಲ್ಲಿ ಬಂದ ಆದೇಶ ಅದನ್ನು ಬಿಗಿ ಮಾಡಿತು. 2016ರ ರಂಜಾನ್‌ನಲ್ಲಿ ಕೆಲವು ನಿವಾಸಿಗಳು ತಮ್ಮ ಮನೆ, ಕಟ್ಟಡಗಳ ಮುಂದೆ ಫ್ರಿಜ್ ಇಟ್ಟು ಹಣ್ಣು, ಜ್ಯೂಸು, ಲಬಾನ್ ಎಂಬ ಮಜ್ಜಿಗೆ, ನೀರು ತುಂಬಿಸತೊಡಗಿದರು. ಹಾದು ಹೋಗುವ ತೋಟದ ಕೆಲಸಗಾರ, ಕಸ ಗುಡಿಸುವವ, ಡೆಲಿವರಿ ಹುಡುಗ, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಮರುವರ್ಷ ಅದಕ್ಕೂ ಪರವಾನಗಿ ಬೇಕಾಯಿತು. ಅಕ್ಕಪಕ್ಕದವರ ಔದಾರ್ಯಕ್ಕೂ ಅರ್ಜಿ ತುಂಬಬೇಕೇ ಎಂದು ಕೊಸರಾಡಿದವರುಂಟು. ಆದರೆ ಉರಿಬಿಸಿಲಿನಲ್ಲಿ ಕೆಟ್ಟ ಲಬಾನ್ ಕುಡಿದು ಮಲಗುವವನು ದಿನಗೂಲಿಯವನೇ ಎಂಬುದನ್ನು ನೆನೆದರೆ ನನಗೆ ಆ ಅರ್ಜಿ ಅತಿಯೆನಿಸುವುದಿಲ್ಲ.

ಬರ್ ದುಬೈಗೆ ಈ ಫ್ರಿಜ್ಜುಗಳಿಗಿಂತ ಹಳೆಯ ಒಂದು ಅನ್ನದಾನದ ಪರಂಪರೆಯೂ ಇದೆ. ಕ್ರೀಕ್ ಪಕ್ಕದ ಇಕ್ಕಟ್ಟು ಓಣಿಯಲ್ಲಿ, ಗ್ರ್ಯಾಂಡ್ ಮಸೀದಿಯ ಬೆನ್ನಿಗೇ, 1958ರಿಂದ ಇದ್ದ ದೇವಸ್ಥಾನದ ಮಹಡಿಯಲ್ಲಿ ಗುರುದ್ವಾರವೂ ಇತ್ತು. ಅಲ್ಲಿ ಜಾಗ ಸಾಲದೆ 2012ರ ಜನವರಿಯಲ್ಲಿ ಜೆಬೆಲ್ ಅಲಿಯಲ್ಲಿ ಗುರು ನಾನಕ್ ದರ್ಬಾರ್ ತೆರೆಯಿತು. ಈ ಹೊಸ ಗುರುದ್ವಾರದ ಲಂಗರ್‌ನಲ್ಲಿ, ಅಂದರೆ ಉಚಿತ ಭೋಜನಶಾಲೆಯಲ್ಲಿ, ರಜೆಯ ದಿನ ಸಾವಿರಾರು ಜನ ನೆಲದ ಮೇಲೆ ಸಾಲಾಗಿ ಕೂತು ದಾಲ್ ರೊಟ್ಟಿ ಉಣ್ಣುತ್ತಾರೆ. ಧರ್ಮಸ್ಥಳ, ಸಿದ್ಧಗಂಗೆಗಳ ಪಂಕ್ತಿ ಕಂಡ ಕನ್ನಡಿಗನಿಗೆ ಹೊಸತೆನಿಸುವುದು ಪಕ್ಕದಲ್ಲಿ ಕೂತವನು ಪಾಕಿಸ್ತಾನದವನೋ ಫಿಲಿಪೀನ್ಸಿನವನೋ ಆಗಿರುವುದು ಮಾತ್ರ. ರಂಜಾನ್ ಬಂತೆಂದರೆ ಇಂಥದ್ದೇ ಸಾಲುಗಳು ಬರ್ ದುಬೈಯ ಮಸೀದಿಗಳ ಪಕ್ಕದಲ್ಲೂ ಕೂರುತ್ತವೆ: ಖರ್ಜೂರ, ಹಣ್ಣು, ಲಬಾನ್, ಬಿರಿಯಾನಿ.

2022ರ ಸೆಪ್ಟೆಂಬರ್‌ನಲ್ಲಿ ದುಬೈಯ ವಕ್ಫ್ ಪ್ರತಿಷ್ಠಾನ ‘ಎಲ್ಲರಿಗೂ ರೊಟ್ಟಿ’ ಎಂಬ ಯಂತ್ರಗಳನ್ನು ಕೆಲವು ಅಸ್ವಾಕ್ ಸೂಪರ್ ಮಾರ್ಕೆಟ್ಟುಗಳ ಮುಂದೆ ಇಟ್ಟಿತು. ಗುಂಡಿ ಒತ್ತಿದರೆ ಬಿಸಿ ಕುಬ್ಬೂಸ್, ಪುಕ್ಕಟೆ. ಅದೇ ಯಂತ್ರಕ್ಕೆ ಕಾರ್ಡು ತೋರಿಸಿ ಇನ್ನೊಬ್ಬರ ರೊಟ್ಟಿಗೆ ದುಡ್ಡೂ ಕೊಡಬಹುದು. ಹೆಸರು ಕೇಳುವವರಿಲ್ಲ. ಹಸಿವಿನಷ್ಟೇ ಸಂಕೋಚವೂ ದೊಡ್ಡದು. ಸಾಲಿನಲ್ಲಿ ನಿಲ್ಲಲಾರದ, ಕೆಲಸ ಕಳೆದುಕೊಂಡ, ಹಂಚಿಕೊಂಡ ಕೋಣೆಯ ಬೆಡ್ ಸ್ಪೇಸ್ ಬಾಡಿಗೆ ಕಟ್ಟಿ ಜೇಬು ಖಾಲಿಯಾದ ಪ್ಯಾಂಟು ಶರ್ಟಿನವನನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಅನ್ನಛತ್ರ ನನಗೆ ತಿಳಿದಂತೆ ಇನ್ನೊಂದಿಲ್ಲ.

ಫುಡ್ ಬ್ಯಾಂಕಿನ ಮುಂದೆ ಈಗೊಂದು ವಿಚಿತ್ರ ಲೆಕ್ಕವಿದೆ. 2022ರಲ್ಲಿ ಶುರುವಾದ ‘ನೇಮಾ’ ಎಂಬ ರಾಷ್ಟ್ರೀಯ ಯೋಜನೆ 2030ರೊಳಗೆ ಆಹಾರ ಪೋಲಾಗುವುದನ್ನು ಅರ್ಧಕ್ಕಿಳಿಸಬೇಕೆನ್ನುತ್ತದೆ. ಅದು ಗೆದ್ದರೆ ಬಫೆ ಮೇಜಿನಲ್ಲಿ ಮಿಗುವುದು ಕಡಿಮೆಯಾಗುತ್ತದೆ, ಬ್ಯಾಂಕಿನ ಗಾಡಿಗೆ ಏರುವುದೂ ಕಡಿಮೆಯಾಗುತ್ತದೆ. ಆಗ ಮಿಕ್ಕಿದ್ದನ್ನಲ್ಲ, ಹೊಸದಾಗಿ ಬೇಯಿಸಿದ್ದನ್ನೇ ಕೊಡಬೇಕಾದೀತು. ಅದಕ್ಕೆ ಬೇಕಾದ ಅಕ್ಕಿ ಮತ್ತೆ ಭಾರತದ ಕಾಕಿನಾಡದಂಥ ಬಂದರುಗಳಿಂದಲೇ ಬರಬೇಕು.